ಕಿರುಬೆರಳಿನ ಆಟ

ಅಪ್ಪನ ಕಂಪ್ಯೂಟರಿನಲ್ಲಿ ಪ್ರತಿದಿನವೂ 2002ರ ಜನವರಿ ಒಂದನೇ ತಾರೀಖು. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಷ್ಟಗಲದ ಒಂದು ಬ್ಯಾಟರಿ ಇರುತ್ತದಲ್ಲ, ಕರೆಂಟು ಹೋದಾಗಲೂ ಗಡಿಯಾರವನ್ನು ನಡೆಸುವುದು, ಅದು ಯಾವಾಗಲೋ ಸತ್ತಿತ್ತು. ಹಾಗಾಗಿ ಸ್ವಿಚ್ ಹಾಕಿದ ಕೂಡಲೇ ಕಪ್ಪು ಪರದೆಯ ಮೇಲೆ ಒಂದು ದೂರು ಬರುತ್ತಿತ್ತು, ಎಫ್1 ಒತ್ತಿದರೆ ಮುಂದೆ ಹೋಗುತ್ತಿತ್ತು. ಅಪ್ಪ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಎಫ್1 ಒತ್ತುತ್ತಿದ್ದರು. ದೇವರ ಮನೆಯ ದೀಪ ಹಚ್ಚಿದಷ್ಟೇ ಸಹಜವಾಗಿ. ಸ್ವಲ್ಪ ಹೊತ್ತಿಗೆ ಹಸಿರು ಗುಡ್ಡ, ನೀಲಿ ಆಕಾಶ. ವಿಂಡೋಸ್ ಎಕ್ಸ್‌ಪಿ.

ಆ ಗುಡ್ಡ ಕುದುರೆಮುಖದ ಕಡೆಯದು ಎಂದು ಅಮ್ಮ ಬಹಳ ವರ್ಷ ನಂಬಿದ್ದರು. ಅದು ಅಮೆರಿಕದ ಕ್ಯಾಲಿಫೋರ್ನಿಯಾದ ಸೊನೋಮಾ ಎಂಬ ಕಡೆಯದು, ಚಾರ್ಲ್ಸ್ ಓ'ರಿಯರ್ ಎಂಬ ಛಾಯಾಗ್ರಾಹಕ 1996ರಲ್ಲಿ ತೆಗೆದದ್ದು ಎಂದು ನಾನು ಒಮ್ಮೆ ಹೇಳಿದೆ. "ಇರಲಿ ಬಿಡು, ಹುಲ್ಲು ಎಲ್ಲಾ ಕಡೆಯೂ ಹುಲ್ಲೇ" ಎಂದರು.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಕೆಲಸದ ಒಂದು ಭಾಗ, ಹೇಳಿಕೊಳ್ಳುವುದಕ್ಕೆ ಸ್ವಲ್ಪ ಸಂಕೋಚವಾಗುತ್ತದೆ, ಸಾವಿನ ಸುದ್ದಿ ಬರೆಯುವುದು. ನಮ್ಮ ತಂತ್ರಾಂಶದ ಹಳೆಯ ಆವೃತ್ತಿಗೆ ಇಂಥ ದಿನದಿಂದ ಬೆಂಬಲ ಇರುವುದಿಲ್ಲ, ದಯವಿಟ್ಟು ಹೊಸದಕ್ಕೆ ಬದಲಾಗಿ ಎಂದು ಗ್ರಾಹಕರಿಗೆ ಕಳಿಸುವ ಪತ್ರಗಳು. ಅವುಗಳಲ್ಲಿ 'ಸಾವು' ಎಂಬ ಪದ ಬರುವುದಿಲ್ಲ. 'ಜೀವಿತಾವಧಿಯ ಮುಕ್ತಾಯ' ಎಂದಿರುತ್ತದೆ. ಮೃದುವಾಗಿ, ಗೌರವದಿಂದ, ಯಾರಿಗೂ ಕಾನೂನು ತಕರಾರು ಎತ್ತಲು ಬಾರದ ಹಾಗೆ ಬರೆಯುವುದನ್ನು ಹತ್ತು ವರ್ಷಗಳಲ್ಲಿ ಕಲಿತಿದ್ದೇನೆ. ಇಂಥವನಿಗೆ ತನ್ನ ಮನೆಯ ಹಜಾರದಲ್ಲೇ ಒಂದು ಎಕ್ಸ್‌ಪಿ ಗುರುಗುಡುತ್ತಾ ಕೂತಿರುವುದು ಎಷ್ಟು ಇರುಸುಮುರುಸು ಎಂದು ನೀವೇ ಊಹಿಸಿ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಅಪ್ಪ ಅದನ್ನು ಆಮೇಲೂ ಹತ್ತು ವರ್ಷ ಬಳಸಿದರು. ಬಳಸಿದ್ದು ಮುಖ್ಯವಾಗಿ ಒಂದೇ ಕಾರಣಕ್ಕೆ: ಪಿನ್‌ಬಾಲ್ ಆಡುವುದಕ್ಕೆ.

*

ನಮ್ಮದು ತೀರ್ಥಹಳ್ಳಿ. ಅಪ್ಪ ಅಲ್ಲಿ ಬೆರಳಚ್ಚು ಕಲಿಸುತ್ತಿದ್ದರು. ಹತ್ತು ಯಂತ್ರಗಳ ಒಂದು ಚಿಕ್ಕ ಶಾಲೆ. ಆರು ಇಂಗ್ಲಿಷ್, ನಾಲ್ಕು ಕನ್ನಡ. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಯಾವುದು, ಒಳಗೆ ಹತ್ತು ಜನ ಒಟ್ಟಿಗೆ ಕುಟ್ಟುವ ಸದ್ದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುವ ಹುಡುಗ ಹುಡುಗಿಯರಿಗೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಕಿರುಬೆರಳನ್ನು ಮರೆಯಬೇಡಿ." ಎಲ್ಲರೂ ಮರೆಯುತ್ತಿದ್ದದ್ದೂ ಅದನ್ನೇ. ಎಡಗೈಯ ಕಿರುಬೆರಳಿಗೆ ಸಿಗುವ ಅಕ್ಷರಗಳಲ್ಲಿ ಕೆಳಗಿನ ಸಾಲಿನ ಜ಼ಡ್ ಇದೆ. ಇಂಗ್ಲಿಷಿನಲ್ಲಿ ಅದು ಅಪರೂಪಕ್ಕೆ ಬರುವ ಅಕ್ಷರ, ಬೆರಳಿಗೂ ಅದು ದೂರದ ಊರು. ಹಾಗಾಗಿ ಅದು ಬಂದಾಗ ಹುಡುಗರು ಇಡೀ ಕೈಯನ್ನೇ ಕೆಳಗಿಳಿಸಿ ತೋರುಬೆರಳಲ್ಲಿ ಕುಕ್ಕುತ್ತಿದ್ದರು. ಅಪ್ಪ ಹಿಂದೆ ನಿಂತು ಸ್ಕೇಲಿನಿಂದ ಮೆಲ್ಲಗೆ ಮೇಜು ತಟ್ಟುತ್ತಿದ್ದರು.

2003ರ ಹೊತ್ತಿಗೆ ಯಂತ್ರಗಳ ಮುಂದಿನ ಸ್ಟೂಲುಗಳು ಖಾಲಿಯಾಗತೊಡಗಿದವು. ಅಪ್ಪ ನಾಲ್ಕು ಯಂತ್ರಗಳನ್ನು ಮಾರಿ, ಸೊಸೈಟಿಯಲ್ಲಿ ಸ್ವಲ್ಪ ಸಾಲ ಮಾಡಿ, ಶಿವಮೊಗ್ಗದಿಂದ ಒಂದು ಜೋಡಿಸಿದ ಕಂಪ್ಯೂಟರ್ ತಂದರು. ಪೆಂಟಿಯಂ 4, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕು, ಹೊಟ್ಟೆ ದೊಡ್ಡದಾದ ಮಾನಿಟರ್. ಬೋರ್ಡಿನಲ್ಲಿ 'ಬೆರಳಚ್ಚು' ಎಂಬುದರ ಕೆಳಗೆ 'ಡಿಟಿಪಿ' ಎಂದು ಸೇರಿತು. ನುಡಿ ತಂತ್ರಾಂಶದಲ್ಲಿ ಲಗ್ನಪತ್ರಿಕೆ, ಕೋರ್ಟಿನ ಅಫಿಡವಿಟ್ಟು, ಅಡಿಕೆ ಮಂಡಿಯ ಲೆಟರ್‌ಹೆಡ್ಡು. ಇಂಗ್ಲಿಷ್ ಕೀಲಿಮಣೆಯ ಮೇಲೇ ಕನ್ನಡ ಮೂಡಿಸುವ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅಪ್ಪ ಒಂದು ವಾರದಲ್ಲಿ ಕಲಿತರು. ಕನ್ನಡ ಟೈಪ್‌ರೈಟರಿನಲ್ಲಿ ಒತ್ತಕ್ಷರಕ್ಕೆ ಪಟ್ಟ ಪಾಡು ನೆನೆದು, "ಈ ಪುಣ್ಯಾತ್ಮರು ಇಪ್ಪತ್ತು ವರ್ಷ ಮುಂಚೆ ನಮ್ಮೂರಿಗೆ ಬಂದಿದ್ದರೆ ನನ್ನ ಭುಜ ಉಳಿಯುತ್ತಿತ್ತು" ಎನ್ನುತ್ತಿದ್ದರು.

ಆ ಕಂಪ್ಯೂಟರಿನ ಜೊತೆಗೇ ಬಂದದ್ದು ಪಿನ್‌ಬಾಲ್. ನಿಮ್ಮಲ್ಲಿ ಮೂವತ್ತು ದಾಟಿದವರಿಗೆ ಅದು ಗೊತ್ತಿರುತ್ತದೆ. ಬಾಹ್ಯಾಕಾಶದ ಚಿತ್ರವಿರುವ ಒಂದು ಓರೆ ಹಲಗೆ. ಸ್ಪೇಸ್‌ಬಾರನ್ನು ಒತ್ತಿ ಹಿಡಿದು ಬಿಟ್ಟರೆ ಬೆಳ್ಳಿ ಬಣ್ಣದ ಗೋಲಿಯೊಂದು ಚಿಮ್ಮಿ ಮೇಲೆ ಹೋಗುತ್ತದೆ, ಅಲ್ಲಿ ಇಲ್ಲಿ ಬಡಿದು ಅಂಕ ತಂದು ಕೆಳಗೆ ಉರುಳುತ್ತದೆ. ಕೆಳಗೆ ಎರಡು ರೆಕ್ಕೆಗಳು. ಅವುಗಳಿಂದ ಮತ್ತೆ ಮೇಲಕ್ಕೆ ಹೊಡೆಯಬೇಕು. ತಪ್ಪಿದರೆ ಗೋಲಿ ಮಧ್ಯದ ಸಂದಿಯಲ್ಲಿ ಮಾಯ. ಒಂದು ಆಟಕ್ಕೆ ಮೂರು ಗೋಲಿ. ಕೆಡೆಟ್ ಎಂಬ ಪದವಿಯಿಂದ ಶುರುವಾಗಿ ಫ್ಲೀಟ್ ಅಡ್ಮಿರಲ್‌ವರೆಗೆ ಬಡ್ತಿ. ಇಷ್ಟೇ.

ಅಪ್ಪ ಮೊದಲ ದಿನ ಆ ಆಟವನ್ನು ನೋಡಿದ್ದು ಬೇರೆಯೇ ಕಣ್ಣಿನಿಂದ. ಎಡ ರೆಕ್ಕೆಗೆ ಜ಼ಡ್, ಬಲ ರೆಕ್ಕೆಗೆ ಓರೆಗೆರೆಯ ಕೀಲಿ. ಎರಡೂ ಕೆಳಸಾಲಿನ ಎರಡು ತುದಿಗಳು. ಎರಡೂ ಕಿರುಬೆರಳಿನ ಸ್ವತ್ತು. "ನೋಡಿದ್ಯೇನೋ, ಇದನ್ನು ಮಾಡಿದವನಿಗೆ ಟೈಪಿಂಗ್ ಗೊತ್ತು" ಎಂದರು. ಮಾರನೆಯ ದಿನದಿಂದ ಆಟ ಪಾಠವಾಯಿತು. ಪರೀಕ್ಷೆಗೆ ಬರುತ್ತಿದ್ದ ಉಳಿದ ನಾಲ್ಕಾರು ಹುಡುಗರಿಗೆ ಕೊನೆಯ ಹತ್ತು ನಿಮಿಷ ಪಿನ್‌ಬಾಲ್. ಬೇರೆ ಬೆರಳು ಬಳಸಿದರೆ ಎಬ್ಬಿಸಿ ಕಳಿಸುತ್ತಿದ್ದರು. ಝೆರಾಕ್ಸಿಗೆ, ಪ್ರಿಂಟಿಗೆ ಬಂದ ಹುಡುಗರೂ ಸೇರಿಕೊಂಡರು. ಆಗ ನಾನು ಹತ್ತನೇ ತರಗತಿ. ಶಾಲೆ ಬಿಟ್ಟವನು ನೇರ ಅಲ್ಲಿಗೇ ಓಡುತ್ತಿದ್ದೆ, ಆದರೆ ಅಂಗಡಿಯವನ ಮಗ ಎಂಬ ಕಾರಣಕ್ಕೆ ನನ್ನ ಸರದಿ ಯಾವಾಗಲೂ ಕೊನೆಗೆ.

ಆಟ ಮುಗಿದಾಗ ಅಂಕ ಸಾಕಷ್ಟಿದ್ದರೆ ಒಂದು ಚಿಕ್ಕ ಕಿಟಕಿ ತೆರೆದುಕೊಂಡು ಹೆಸರು ಕೇಳುತ್ತದೆ. ಪಟ್ಟಿಯಲ್ಲಿ ಜಾಗವಿರುವುದು ಐದು ಜನರಿಗೆ ಮಾತ್ರ. ಆರನೆಯವನಿಗೆ ಇತಿಹಾಸದಲ್ಲಿ ಸ್ಥಳವಿಲ್ಲ. ಆ ಐದು ಸಾಲುಗಳಿಗಾಗಿ ನಮ್ಮೂರಿನಲ್ಲಿ ನಡೆದ ಜಗಳಗಳನ್ನು ಬರೆದರೆ ಅದೇ ಒಂದು ಪ್ರಬಂಧ.

*

ಪಿನ್‌ಬಾಲ್ ಎಕ್ಸ್‌ಪಿಗೆ ಬಂದದ್ದು ಬಹಳ ಹಿಂದಿನಿಂದ. ಸಿನೆಮಾಟ್ರಾನಿಕ್ಸ್ ಎಂಬ ಚಿಕ್ಕ ಸಂಸ್ಥೆ ಮಾಡಿದ್ದು. ವಿಂಡೋಸ್ 95ರ ಜೊತೆಗೆ ಬೇರೆಯಾಗಿ ಮಾರುತ್ತಿದ್ದ 'ಪ್ಲಸ್' ಎಂಬ ಪೊಟ್ಟಣದಲ್ಲಿ ಮೊದಲು ಕಾಣಿಸಿಕೊಂಡಿತು. ಎಕ್ಸ್‌ಪಿಯ ನಂತರ ಬಂದ ವಿಸ್ಟಾದಲ್ಲಿ ಅದು ಇರಲಿಲ್ಲ. ಯಾಕೆಂದು ಮೈಕ್ರೋಸಾಫ್ಟ್‌ನ ಪ್ರೋಗ್ರಾಮರ್ ರೇಮಂಡ್ ಚೆನ್ 2012ರಲ್ಲಿ ಬರೆದಿದ್ದಾರೆ. ಅವರ ಪ್ರಕಾರ, 32 ಬಿಟ್‌ನ ಹಳೆಯ ಪ್ರೋಗ್ರಾಂಗಳನ್ನು 64 ಬಿಟ್‌ಗೆ ಬದಲಿಸುವಾಗ ಈ ಆಟದಲ್ಲಿ ಒಂದು ವಿಚಿತ್ರ ದೋಷ ಕಾಣಿಸಿಕೊಂಡಿತು. ಗೋಲಿ ಯಾವುದಕ್ಕೂ ತಾಗುತ್ತಿರಲಿಲ್ಲ. ಆಟ ಶುರುವಾದ ಕೂಡಲೇ ಚಿಮ್ಮಿಸುವ ದಂಡದ ಮೂಲಕವೇ ಹಾದು ಕೆಳಗೆ ಬಿದ್ದು ಹೋಗುತ್ತಿತ್ತು. ಡಿಕ್ಕಿಯನ್ನು ಲೆಕ್ಕ ಹಾಕುವ ಭಾಗದಲ್ಲಿ ಎಲ್ಲೋ ತಪ್ಪಿತ್ತು. ಆದರೆ ಆ ಕೋಡು ಬರೆದವರು ಬೇರೆ ಸಂಸ್ಥೆಯವರು, ವರ್ಷಗಳ ಹಿಂದೆ ಬರೆದದ್ದು, ಒಳಗೆ ಒಂದು ಟಿಪ್ಪಣಿಯೂ ಇಲ್ಲ. ಬದಲಿಸಬೇಕಾದ ಸಾಲುಗಳು ಲಕ್ಷಗಟ್ಟಲೆ ಬಿದ್ದಿದ್ದವು. ಒಂದು ಆಟಕ್ಕಾಗಿ ದಿನಗಟ್ಟಲೆ ಕೂರಲಾಗದೆ ಅದನ್ನು ಕೈಬಿಟ್ಟರು.

ವೃತ್ತಿಯಿಂದ ನನಗೆ ಈ ನಿರ್ಧಾರ ಅರ್ಥವಾಗುತ್ತದೆ. ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಬೆಂಬಲ ನಿಲ್ಲಿಸುವುದು ಎಂದರೆ ದುಷ್ಟತನವಲ್ಲ. ಹಳೆಯ ವ್ಯವಸ್ಥೆಯಲ್ಲಿ ಹೊಸ ಬಿರುಕು ಕಂಡಾಗ ತೇಪೆ ಹಾಕುವವರು ಬೇಕು. ಆ ಜನ, ಆ ಸಮಯ ಎಲ್ಲಿಂದ ಬರಬೇಕು? ತೇಪೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2017ರ ಮೇ ತಿಂಗಳಲ್ಲಿ ಜಗತ್ತೇ ನೋಡಿತು. ವಾನಾಕ್ರೈ ಎಂಬ ಕುತಂತ್ರಾಂಶ ಹಬ್ಬಿ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರುಗಳು ಕೂಡ ಒತ್ತೆಯಾದವು. ಆಗ ಮೈಕ್ರೋಸಾಫ್ಟ್ ತನ್ನ ನಿಯಮವನ್ನು ಬದಿಗಿಟ್ಟು, ಮೂರು ವರ್ಷದ ಹಿಂದೆಯೇ ಬೆಂಬಲ ನಿಲ್ಲಿಸಿದ್ದ ಎಕ್ಸ್‌ಪಿಗೂ ಒಂದು ತೇಪೆ ಬಿಟ್ಟಿತು.

ಆ ವಾರ ನಾನು ಊರಿಗೆ ಫೋನ್ ಮಾಡಿ, "ಅಪ್ಪಾ, ನೆಟ್ ವೈರು ಕಿತ್ತುಬಿಡಿ" ಎಂದೆ.

"ಅದನ್ನು ಇಲಿ ಕಡಿದು ಎರಡು ವರ್ಷ ಆಯ್ತು" ಎಂದರು.

ಅಷ್ಟು ಹೊತ್ತಿಗೆ ಅಂಗಡಿ ಮುಚ್ಚಿತ್ತು. ಯಂತ್ರ ಮನೆಯ ಹಜಾರಕ್ಕೆ ಬಂದು, ಇಂಟರ್ನೆಟ್ಟಿನ ಹಂಗಿಲ್ಲದೆ, ಒಂದು ದ್ವೀಪದಂತೆ ಬದುಕುತ್ತಿತ್ತು. ಈಗಿನ ಆಟಗಳಿಗೆ ಇಂಥ ವೃದ್ಧಾಪ್ಯ ಸಾಧ್ಯವಿಲ್ಲ. ದುಡ್ಡು ಕೊಟ್ಟು ಕೊಂಡ ಆಟವೂ ಅಂಗಡಿಯ ಆ್ಯಪಿನ ಬಾಗಿಲಿನಿಂದಲೇ ತೆರೆಯುತ್ತದೆ. ಸ್ಟೀಮ್ ಎಂಬ ಅಂಥ ದೊಡ್ಡ ಅಂಗಡಿ ಎಕ್ಸ್‌ಪಿ ಮತ್ತು ವಿಸ್ಟಾಗಳಿಗೆ ಬೆಂಬಲ ನಿಲ್ಲಿಸಿದ್ದು 2019ರ ಜನವರಿ 1ಕ್ಕೆ. ವಿಂಡೋಸ್ 7, 8 ಮತ್ತು 8.1ಕ್ಕೆ 2024ರ ಜನವರಿ 1ಕ್ಕೆ. ಅದರ ಒಳಗೆ ಕ್ರೋಮ್ ಬ್ರೌಸರಿನ ಭಾಗಗಳಿವೆ, ಕ್ರೋಮ್ ಹಳೆಯ ವಿಂಡೋಸನ್ನು ಬಿಟ್ಟರೆ ಅದೂ ಬಿಡಬೇಕು ಎಂಬುದು ಕಾರಣ. ಒಂದರ ಹೆಗಲ ಮೇಲೆ ಇನ್ನೊಂದು ನಿಂತ ಮೇಲೆ ಕೆಳಗಿನದು ಸರಿದರೆ ಮೇಲಿನದೂ ಸರಿಯಲೇಬೇಕು. ಪಿನ್‌ಬಾಲ್ ಯಾರ ಹೆಗಲ ಮೇಲೂ ನಿಂತಿರಲಿಲ್ಲ. ಅದು ಯಾರನ್ನೂ ಕೇಳದೆ ತೆರೆಯುತ್ತಿತ್ತು. ಕರೆಂಟು ಒಂದಿದ್ದರೆ ಸಾಕಿತ್ತು.

ಊರಿಗೆ ಹೋದಾಗಲೆಲ್ಲ ನಾನು, "ಇದನ್ನು ಗುಜರಿಗೆ ಹಾಕಿ, ಹೊಸದು ಕೊಡಿಸ್ತೇನೆ" ಎನ್ನುತ್ತಿದ್ದೆ. ನುಡಿಯ ಹಳೆಯ ಫೈಲುಗಳಿವೆ, ಬೇರೆ ಕಡೆ ತೆರೆದರೆ ಅಕ್ಷರ ಚಿತ್ರಾನ್ನ ಆಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅದು ನಿಜವೇ. ಆದರೆ ಆ ಫೈಲುಗಳನ್ನು ಅವರು ತೆರೆದದ್ದನ್ನು ನಾನು ನೋಡಿರಲಿಲ್ಲ.

*

2022ರ ಜುಲೈನಲ್ಲಿ, ಆಗುಂಬೆ ಕಡೆಯಿಂದ ಮಳೆ ಒಂದೇ ಸಮನೆ ಸುರಿಯುತ್ತಿದ್ದ ವಾರ, ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬೆಳಿಗ್ಗೆ ಹಲ್ಲುಜ್ಜುವಾಗ ಎಡಗೈಯಿಂದ ಲೋಟ ಜಾರಿತು. ಎತ್ತಿಕೊಳ್ಳಲು ಹೋದರು, ಕೈ ಬರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಘಾಟಿ ಇಳಿದು ಆಸ್ಪತ್ರೆ ಸೇರಿಸಿದರು. ನಾನು ಬೆಂಗಳೂರಿನಿಂದ ಬಂದು ಮುಟ್ಟುವಷ್ಟರಲ್ಲಿ ಮಾತು ಸ್ಪಷ್ಟವಾಗಿತ್ತು. ಎಡಗಾಲು ಎಳೆಯುತ್ತಿತ್ತು. ಎಡಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

ಮನೆಗೆ ಬಂದ ಮೇಲೆ ಫಿಸಿಯೋಥೆರಪಿ. ಮೆತ್ತಗಿನ ಚೆಂಡು ಹಿಸುಕುವುದು, ಬಟ್ಟೆಯ ಕ್ಲಿಪ್ಪು ಹಾಕಿ ತೆಗೆಯುವುದು, ಬಟ್ಟಲಿನಿಂದ ಬಟ್ಟಲಿಗೆ ಹುಣಸೆ ಬೀಜ ದಾಟಿಸುವುದು. ನಲವತ್ತು ವರ್ಷ ಬೇರೆಯವರ ಬೆರಳು ತಿದ್ದಿದ ಮನುಷ್ಯ ಹುಣಸೆ ಬೀಜದ ಮುಂದೆ ಕೂತು ಸೋಲುವುದನ್ನು ನೋಡುವುದು ಕಷ್ಟ. ಹೆಬ್ಬೆರಳು, ತೋರುಬೆರಳು ತಿಂಗಳೆರಡರಲ್ಲಿ ಮಾತು ಕೇಳತೊಡಗಿದವು. ಕಿರುಬೆರಳು ಮಾತ್ರ ಅಲುಗಲಿಲ್ಲ. ಒಂದು ದಿನ ಅಪ್ಪ ಬೀಜದ ಬಟ್ಟಲನ್ನು ಬದಿಗೆ ಸರಿಸಿ, ಗೋಡೆ ಹಿಡಿದು ಹಜಾರಕ್ಕೆ ಹೋಗಿ, ಎಫ್1 ಒತ್ತಿದರಂತೆ. ಅಮ್ಮ ಫೋನಿನಲ್ಲಿ ಹೇಳಿದರು.

ನಾನು ದೀಪಾವಳಿಗೆ ಹೋದಾಗ ನೋಡಿದೆ. ಗೋಲಿ ಬಲಕ್ಕೆ ಬಂದರೆ ಬಲ ರೆಕ್ಕೆ ಥಟ್ಟನೆ ಏಳುತ್ತಿತ್ತು. ಎಡಕ್ಕೆ ಬಂದರೆ ಏನೂ ಆಗುತ್ತಿರಲಿಲ್ಲ. ಅಪ್ಪನ ಕಣ್ಣು ಜ಼ಡ್ ಮೇಲಿನ ಬೆರಳನ್ನು ನೋಡುತ್ತಿತ್ತು, ಬೆರಳು ಸುಮ್ಮನಿರುತ್ತಿತ್ತು. ಗೋಲಿ ಉರುಳಿ ಹೋಗುತ್ತಿತ್ತು. ಮೂರು ಗೋಲಿ ಮುಗಿಯಲು ಎರಡು ನಿಮಿಷ ಸಾಕಾಗುತ್ತಿತ್ತು. ಮತ್ತೆ ಎಫ್2, ಹೊಸ ಆಟ.

ನನಗೆ ಒಂದು ಉಪಾಯ ಗೊತ್ತಿತ್ತು. ಎಫ್8 ಒತ್ತಿದರೆ ಕೀಲಿಗಳನ್ನು ಬೇಕಾದ ಹಾಗೆ ಬದಲಿಸಬಹುದು. "ಎಡ ರೆಕ್ಕೆಯನ್ನೂ ಬಲಗೈಗೇ ಕೊಡ್ತೇನೆ ಅಪ್ಪಾ. ಒಂದೇ ಕೈಯಲ್ಲಿ ಆಡಬಹುದು" ಎಂದೆ.

ಅಪ್ಪ ನನ್ನನ್ನು ನೋಡಿದ ರೀತಿ, ತೋರುಬೆರಳಲ್ಲಿ ಜ಼ಡ್ ಕುಕ್ಕಿದ ಹುಡುಗನನ್ನು ನೋಡುತ್ತಿದ್ದ ರೀತಿ. "ಅದು ಕಿರುಬೆರಳಿನ ಕೆಲಸ" ಎಂದರು.

*

ನಾನು ಆ ಸಲ ನನ್ನ ಹಳೆಯ ಲ್ಯಾಪ್‌ಟಾಪನ್ನು ತಂದಿದ್ದೆ. ಅಪ್ಪ ಹಾಸಿಗೆಯ ಮೇಲೇ ಕೂತು ಆಡಲಿ, ಗೋಡೆ ಹಿಡಿದು ನಡೆಯುವುದು ತಪ್ಪಲಿ ಎಂದು. ಅದರಲ್ಲಿ ವಿಂಡೋಸ್ 10. ಎಕ್ಸ್‌ಪಿಯ ಪಿನ್‌ಬಾಲ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಇದಕ್ಕೆ ಇಳಿಸಿದರೆ ಸಾಕು, ಓಡುತ್ತದೆ. 64 ಬಿಟ್‌ಗೆ ಬದಲಿಸುವುದಷ್ಟೇ ಕಷ್ಟವಾಗಿದ್ದು. ಹಳೆಯ 32 ಬಿಟ್ ಪ್ರತಿ ಹೊಸ ವಿಂಡೋಸಿನಲ್ಲೂ ತಕರಾರಿಲ್ಲದೆ ನಡೆಯುತ್ತದೆ. ಹತ್ತು ನಿಮಿಷದ ಕೆಲಸ. ನನಗೇ ಹೆಮ್ಮೆಯಾಯಿತು. ಅದೇ ಹಲಗೆ, ಅದೇ ಗೋಲಿ, ಅದೇ ಸಂಗೀತ.

ಅಪ್ಪ ಒಂದು ಆಟ ಆಡಿದರು. ಆಟ ಮುಗಿದಾಗ ಹೆಸರು ಕೇಳುವ ಕಿಟಕಿ ತೆರೆಯಿತು. ಅವರು ಬೆಚ್ಚಿದರು. ಎರಡು ನಿಮಿಷದ ಆಟಕ್ಕೆ ಹೆಸರು ಯಾಕೆ ಕೇಳಿತು? ಐದು ಸಾಲೂ ಖಾಲಿಯಿದ್ದವು.

"ಹುಡುಗರೆಲ್ಲ ಎಲ್ಲಿ ಹೋದರು?" ಎಂದರು.

ನಾನು ಏನು ಎಂದೆ. "ಪಟ್ಟಿ. ಹುಡುಗರು ಇದ್ದರಲ್ಲ" ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿ ಮಲಗಿಬಿಟ್ಟರು.

ಆ ರಾತ್ರಿ ನಾನು ಹಜಾರದ ಯಂತ್ರವನ್ನು ಹಾಕಿದೆ. ಎಫ್1. ಹಸಿರು ಗುಡ್ಡ. ಪಿನ್‌ಬಾಲ್ ತೆರೆದು ಪಟ್ಟಿ ನೋಡಿದೆ. ಮೊದಲ ಸಾಲಿನಲ್ಲಿ ಬಸ್ ಏಜೆಂಟರ ಮಗ. ಅವನು ಈಗ ದುಬೈಯಲ್ಲಿದ್ದಾನೆ. ಎರಡನೆಯದು 'ಅಪ್ಪು'. ಆ ಸಿನಿಮಾ 2002ರಲ್ಲಿ ಬಂದಿತ್ತು, ತನ್ನ ಹೆಸರಿನ ಬದಲು ಅದನ್ನೇ ಬರೆದುಕೊಂಡಿದ್ದ ಹುಡುಗ ಯಾರೆಂದು ನನಗೆ ಚೆನ್ನಾಗಿ ನೆನಪಿದೆ, ಈಗ ಒಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು. ಮೂರನೆಯದು ಎಸ್‌ಟಿಡಿ ಬೂತಿನ ಹುಡುಗಿ. ಅವಳಷ್ಟು ನಿಖರವಾಗಿ ಕಿರುಬೆರಳು ಬಳಸುವವರನ್ನು ಕಂಡಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ನಾಲ್ಕನೆಯದು ಯಾರೋ, ಬರೀ ಇನಿಷಿಯಲ್ಲು. ಐದನೆಯದು, ಹನ್ನೊಂದು ಲಕ್ಷ ಚಿಲ್ಲರೆ ಅಂಕದ ಮುಂದೆ, ನನ್ನ ಹೆಸರು. ಅದರಲ್ಲಿ ಒಂದು ಅಕ್ಷರ ತಪ್ಪು. ಅವಸರದಲ್ಲಿ ಹೊಡೆದದ್ದು.

ಅಪ್ಪನ ಹೆಸರು ಎಲ್ಲೂ ಇರಲಿಲ್ಲ.

ಇದು ಲೆಕ್ಕಕ್ಕೆ ಸಿಗಲಿಲ್ಲ. ಹುಡುಗರೆಲ್ಲ ಊರು ಬಿಟ್ಟ ಮೇಲೆ ಅಪ್ಪ ಹತ್ತು ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಆಡಿದ್ದಾರೆ. ಹನ್ನೊಂದು ಲಕ್ಷ ಎಂದರೆ ಅಂಥ ದೊಡ್ಡ ಅಂಕವೂ ಅಲ್ಲ. ಬೆಳಿಗ್ಗೆ ಅಮ್ಮನನ್ನು ಕೇಳಿದೆ. ದೋಸೆ ಹುಯ್ಯುತ್ತಾ ಹೇಳಿದರು: "ಅದು ಎಷ್ಟೋ ಸಲ ಹೆಸರು ಕೇಳ್ತದೆ. ಇವರು ಬೇಡ ಅಂತ ಒತ್ತುತಾರೆ. ಮೂವತ್ತು ಲಕ್ಷ ಬಂತು ಮಾರಾಯ್ತಿ ಅಂತ ಒಂದು ದಿನ ಇಲ್ಲಿಗೆ ಬಂದು ಹೇಳಿದ್ದರು. ಬರ್ಕೊಳ್ಳಿ ಅಂದೆ. ಇಲ್ಲ."

ಅಪ್ಪನನ್ನು ಕೇಳಿದಾಗ ಅವರು ಸಂಕೋಚಪಟ್ಟರು. ಆಮೇಲೆ, "ನಾನು ಬರೆದರೆ ಕೆಳಗಿನವನು ಹೊರಗೆ ಹೋಗ್ತಾನಲ್ಲ" ಎಂದರು.

ಕೆಳಗಿನವನು ಯಾರೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹತ್ತು ವರ್ಷಗಳಿಂದ ನಾನು ಆ ಯಂತ್ರವನ್ನು ಗುಜರಿಗೆ ಹಾಕಿ ಎನ್ನುತ್ತಿದ್ದೆ. ನುಡಿಯ ಫೈಲುಗಳ ನೆಪ ಹೇಳಿ ಅವರು ತಪ್ಪಿಸಿಕೊಳ್ಳುತ್ತಿದ್ದರು. ನನ್ನ ವೃತ್ತಿಯಲ್ಲಿ ಇದನ್ನು 'ಬದಲಾವಣೆಗೆ ಗ್ರಾಹಕರ ಪ್ರತಿರೋಧ' ಎನ್ನುತ್ತೇವೆ. ಅದನ್ನು ಹೇಗೆ ಮೆತ್ತಗೆ ಮುರಿಯಬೇಕು ಎಂಬುದಕ್ಕೆ ನಮ್ಮಲ್ಲಿ ಸ್ಲೈಡುಗಳಿವೆ. ಪ್ರತಿರೋಧಿಸುವವರು ಏನನ್ನು ಕಾಯುತ್ತಿದ್ದಾರೆ ಎಂದು ಕೇಳುವ ಸ್ಲೈಡು ಇಲ್ಲ.

ಪಟ್ಟಿ ಆಟದ ಫೋಲ್ಡರಿನಲ್ಲಿ ಇರುವುದಿಲ್ಲ. ಅದು ವಿಂಡೋಸಿನ ರಿಜಿಸ್ಟ್ರಿ ಎಂಬ ದೊಡ್ಡ ಕಡತದೊಳಗೆ, ಬೇರೆ ಸಾವಿರ ಲೆಕ್ಕಪತ್ರಗಳ ನಡುವೆ ಕೂತಿರುತ್ತದೆ. ಹಾಗಾಗಿಯೇ ನಾನು ಆಟವನ್ನು ತಂದೆ, ಆಡಿದವರನ್ನು ಬಿಟ್ಟು ಬಂದೆ. ಆ ದಿನ ಮಧ್ಯಾಹ್ನ ರಿಜಿಸ್ಟ್ರಿ ತೆರೆದು ಪಿನ್‌ಬಾಲಿನ ಕೊಂಡಿಯನ್ನು ಹುಡುಕಿ, ಅದೊಂದನ್ನೇ ಬೇರೆ ಫೈಲಾಗಿ ತೆಗೆದೆ. ಕೆಲವೇ ಸಾಲುಗಳ ಫೈಲು. ನನ್ನ ಹೆಸರಿನ ತಪ್ಪು ಅಕ್ಷರವೂ ಅದರಲ್ಲಿತ್ತು. ಒಮ್ಮೆ ತಿದ್ದೋಣವೆನಿಸಿತು, ತಿದ್ದಲಿಲ್ಲ. ಲ್ಯಾಪ್‌ಟಾಪಿಗೆ ತಂದು ಎರಡು ಸಲ ಕ್ಲಿಕ್ಕಿಸಿ ಆಟ ತೆರೆದೆ. ಐವರೂ ಬಂದು ಕೂತರು.

ಅಪ್ಪ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಹಾಜರಿ ಕರೆದ ಹಾಗೆ ನೋಡಿದರು. "ಸರಿ" ಎಂದರು.

*

2024ರ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ, ಸಿಡಿಲು ಹೊಡೆದು ಹಜಾರದ ಯಂತ್ರ ಸುಟ್ಟುಹೋಯಿತು. ಜೊತೆಗೆ ಟಿವಿ, ಮಿಕ್ಸಿ. ಅಮ್ಮ ಮಿಕ್ಸಿಗೆ ಅತ್ತರು. ಅಪ್ಪ ಸುಟ್ಟ ವಾಸನೆಯ ಡಬ್ಬಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಪೆನ್‌ಡ್ರೈವ್ ಎಲ್ಲಿದೆ ಎಂದು ಮಾತ್ರ ಕೇಳಿದರಂತೆ. ಅದು ದೇವರ ಮನೆಯ ಗೂಡಿನಲ್ಲಿತ್ತು. ಇನ್ನೊಂದು ಪ್ರತಿ ನನ್ನ ಬಳಿ, ಮತ್ತೊಂದು ತಂಗಿಯ ಬಳಿ.

ಅದೇ ವರ್ಷ ಕಚೇರಿಯಲ್ಲಿ ನಾನು ಇನ್ನೊಂದು ಮುಕ್ತಾಯದ ಪತ್ರ ಬರೆಯಬೇಕಾಯಿತು. ಒಂದು ಹಳೆಯ ಲೆಕ್ಕಪತ್ರದ ತಂತ್ರಾಂಶ. ಬಳಸುವವರು ಬಹುತೇಕ ಚಿಕ್ಕ ಅಂಗಡಿಗಳವರು. ಕರಡು ಸಿದ್ಧವಾಗಿತ್ತು. ಕಳಿಸುವ ಮುನ್ನ ನಾನು ಒಂದು ಪ್ರಶ್ನೆ ಎತ್ತಿದೆ: ಇವರು ತಮ್ಮ ಹಳೆಯ ದಾಖಲೆಗಳನ್ನು ಹೊರಗೆ ತೆಗೆದುಕೊಳ್ಳುವುದು ಹೇಗೆ? ಸಭೆಯಲ್ಲಿ ಎಲ್ಲರೂ ನನ್ನನ್ನು ನೋಡಿದರು. ಹಣಕಾಸಿನ ಮುಖ್ಯ ದಾಖಲೆಗಳಿಗೆ ವ್ಯವಸ್ಥೆ ಇತ್ತು. ಆದರೆ ಜನ ವರ್ಷಗಟ್ಟಲೆ ಗ್ರಾಹಕರ ಹೆಸರಿನ ಪಕ್ಕದಲ್ಲಿ ಬರೆದಿಟ್ಟ ಟಿಪ್ಪಣಿಗಳಿಗೆ ಇರಲಿಲ್ಲ. ಮಗಳ ಮದುವೆ ಮೇನಲ್ಲಿ, ಬಾಕಿ ಕೇಳಬಾರದು, ಇಂಥವು. ಅದು ಬೇಕಾಗುವುದಿಲ್ಲ ಎಂದು ನಾವು ತೀರ್ಮಾನಿಸಿದ್ದೆವು. ನಾವು ಎಂದರೆ ಮುಖ್ಯವಾಗಿ ನಾನೇ. ಹಿಂದಿನ ವರ್ಷದ ಆ ಕಡತದಲ್ಲಿ ನನ್ನ ಸಹಿ ಇತ್ತು. ಆ ಟಿಪ್ಪಣಿಗಳನ್ನು ಹೊರತೆಗೆಯುವ ಒಂದು ಚಿಕ್ಕ ಸಾಧನ ಮಾಡಿಸಲು ಎರಡು ತಿಂಗಳು ವಾದಿಸಬೇಕಾಯಿತು. ಪತ್ರ ತಡವಾಗಿ ಹೋಯಿತು. ಅದರಿಂದ ಎಷ್ಟು ಜನರಿಗೆ ಉಪಯೋಗವಾಯಿತೋ ಗೊತ್ತಿಲ್ಲ. ನನ್ನ ಮೇಲಿನವರು, "ನೀನು ಈಚೆಗೆ ಭಾವುಕನಾಗುತ್ತಿದ್ದೀಯ" ಎಂದರು. ಇರಬಹುದು.

ಕಳೆದ ವರ್ಷ, 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಅಪ್ಪನಿಗೆ ಕೊಟ್ಟ ಲ್ಯಾಪ್‌ಟಾಪಿನ ಪ್ರೊಸೆಸರ್ ವಿಂಡೋಸ್ 11 ಕೇಳುವುದಕ್ಕಿಂತ ಹಳೆಯದು. ಪರದೆಯ ಮೇಲೆ ಆ ಸೂಚನೆ ಬಂದಾಗ ನಾನು ಊರಿನಲ್ಲೇ ಇದ್ದೆ. ಅಪ್ಪ ಇಂಗ್ಲಿಷನ್ನು ಪರೀಕ್ಷಕನ ಹಾಗೆ, ಒಂದೊಂದೇ ಪದವಾಗಿ ಓದುತ್ತಾರೆ. ಓದಿ ಮುಗಿಸಿ, "ಇದಕ್ಕೂ ವಯಸ್ಸಾಯ್ತಾ?" ಎಂದರು.

"ಆಯ್ತು."

"ನೀನೇ ಬರೆದದ್ದಾ?"

"ಇದನ್ನು ಬೇರೆಯವರು ಬರೆದದ್ದು."

"ಚೆನ್ನಾಗಿ ಬರೆದಿದ್ದಾರೆ" ಎಂದು ಆ ಸೂಚನೆಯನ್ನು ಮುಚ್ಚಿ ಆಟ ತೆರೆದರು. ನಾನು ಇಂಟರ್ನೆಟ್ ಬಂದ್ ಮಾಡಿದೆ. ಮತ್ತೊಂದು ದ್ವೀಪ ಶುರುವಾಯಿತು.

ಎಡ ಕಿರುಬೆರಳಿಗೆ ಈಗ ಸ್ವಲ್ಪ ಜೀವ ಬಂದಿದೆ. ಪೂರ್ತಿ ಬಂದಿಲ್ಲ, ಇನ್ನು ಪೂರ್ತಿ ಬರುವುದೂ ಕಷ್ಟ ಎಂದಿದ್ದಾರೆ. ಜ಼ಡ್ ಒತ್ತುತ್ತದೆ, ಆದರೆ ಅಪ್ಪ ಬಯಸಿದ ಒಂದು ಕ್ಷಣದ ನಂತರ. ಹಾಗಾಗಿ ಅವರು ಆ ಒಂದು ಕ್ಷಣ ಮುಂಚೆಯೇ ಬಯಸಲು ಕಲಿತಿದ್ದಾರೆ. ಗೋಲಿ ಇನ್ನೂ ಹಲಗೆಯ ನಡುವಿನಲ್ಲಿರುವಾಗಲೇ ಬೆರಳಿಗೆ ಸುದ್ದಿ ಕಳಿಸುತ್ತಾರೆ. ಹತ್ತರಲ್ಲಿ ನಾಲ್ಕು ಸಲ ಎರಡೂ ಒಟ್ಟಿಗೆ ಬಂದು ಮುಟ್ಟುತ್ತವೆ. ಎರಡು ಲಕ್ಷ, ಮೂರು ಲಕ್ಷ ಮಾಮೂಲಿ. ಹೋದ ಭಾನುವಾರ ಏಳು ಲಕ್ಷ ಎಂದು ಅಮ್ಮ ಫೋನ್ ಮಾಡಿದ್ದರು. ಹಿಂದೆ ಅಪ್ಪನ ದನಿಯೂ ಕೇಳುತ್ತಿತ್ತು: "ಏಳೂವರೆ ಅಂತ ಹೇಳು."

ಐದನೇ ಸಾಲಿಗೆ ಇನ್ನು ಮೂರೂವರೆ ಲಕ್ಷ ಚಿಲ್ಲರೆ ಬಾಕಿ. ಈ ಸಲ ಹೆಸರು ಕೇಳಿದರೆ ಬರೆದುಬಿಡಿ, ನನ್ನದು ಹೋದರೆ ಹೋಗಲಿ ಎಂದು ಹೇಳಬೇಕೆಂದುಕೊಂಡೆ. ಆಮೇಲೆ, ಅದನ್ನು ಒತ್ತುವುದು ಬಿಡುವುದು ಅವರ ಕೆಲಸ ಎನಿಸಿ ಸುಮ್ಮನಾದೆ. ಬರುವ ತಿಂಗಳು ಊರಿಗೆ ಹೋಗಬೇಕು. ಲ್ಯಾಪ್‌ಟಾಪಿನ ಜ಼ಡ್ ಕೀಲಿ ಸ್ವಲ್ಪ ಸಡಿಲವಾಗಿದೆಯಂತೆ.